ಚಿಗವ್ವನ ಹೆಸರಿನ ಪುಸ್ತಕ

ಇದು ಹೆಣ್ಣುಮಕ್ಕಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಆಡುವ ಮಾತು. ಇದನ್ನು ನಾಲ್ಕು ಜನರ ಮುಂದೆ ಹೇಳುವುದು ಸರಿಯೋ ಅಲ್ಲವೋ ಎಂಬ ಅಳುಕು ಇನ್ನೂ ಹೋಗಿಲ್ಲ. ಇದಕ್ಕಿಂತ ಚೆನ್ನಾಗಿ ಹೇಳಬಲ್ಲವರು ಇದ್ದಾರೆ, ಅವರು ಹೇಳಲಿಲ್ಲ. ಹೇಳಿದ್ದರಲ್ಲಿ ತಪ್ಪು ಕಂಡರೆ ಓದುವವರು ದೊಡ್ಡ ಮನಸ್ಸು ಮಾಡಬೇಕು.

ಗೀತಾಂಜಲಿ ಹಿರೇಹಡಗಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಹೆಣ್ಣಿನ ಮೈಯ ಬಗ್ಗೆ ಒಬ್ಬ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಬರೆದಿದ್ದ ಸಣ್ಣ ಪುಸ್ತಕವನ್ನು, ಅವರ ಒಪ್ಪಿಗೆ ಪಡೆದು ಕನ್ನಡಕ್ಕೆ ತರುತ್ತಿದ್ದಳು. ಮಧ್ಯಾಹ್ನ ಮಕ್ಕಳ ಊಟ ಮುಗಿದ ಮೇಲೆ ಬಿಸಿಯೂಟದ ಕೋಣೆಯಲ್ಲಿ ಕುಳಿತು, ಬರೆದಷ್ಟನ್ನು ಅಡುಗೆಯ ಮರುಳಸಿದ್ದಮ್ಮನಿಗೆ ಓದಿ ಹೇಳುವಳು. ಮರುಳಸಿದ್ದಮ್ಮನ ಗಂಡ ಪಾಲಾಕ್ಷಪ್ಪ ಮಗನನ್ನು ಕರೆದುಕೊಂಡು ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಮನೆಯಲ್ಲಿ ಅವಳೂ ಸೊಸೆ ಭೂಮಿಕಾಳೂ ಇಬ್ಬರೇ.

"ರಸದೂತ ಅಂದ್ರ ತಿಳೀತದ?" ಎಂದು ಗೀತಾಂಜಲಿ ಕೇಳಿದಳು.

ಅಕ್ಕಿ ಆರಿಸುತ್ತಿದ್ದ ಮರುಳಸಿದ್ದಮ್ಮ ಮೊರ ಕೆಳಗಿಟ್ಟು ನಕ್ಕಳು. "ಬಯಲಾಟದ ಪಾತ್ರ ಇದ್ದಂಗ ಐತಲ್ರೀ ಟೀಚರ್! ಕಿರೀಟ ಇಟ್ಕಂಡು ಬರ್ತಾನೇನು?"

"ಹಾರ್ಮೋನ್ ಅಂತ ಅದ ಇಂಗ್ಲಿಷಿನಾಗ."

"ಹಂಗ ಅನ್ರಿ ಮತ್ತ. ನಮ್ಮ ನರ್ಸಮ್ಮನೂ ಹಂಗ ಅಂತಾಳ."

ಸಂಜೆ ಮನೆಗೆ ಬಂದು ಗೀತಾಂಜಲಿ ರಸದೂತನನ್ನು ಹೊಡೆದುಹಾಕಿದಳು.

ಡಾಕ್ಟರಮ್ಮನ ಪುಸ್ತಕದ ಕೊನೆಯ ಅಧ್ಯಾಯ ಕ್ಯಾನ್ಸರಿನದು. ಅದನ್ನು ಮಾತ್ರ ಹಾಗೆ ಓದಿ ಕೇಳಿಸಲಾಗಲಿಲ್ಲ. ಅದನ್ನು ಬೇಸಿಗೆ ರಜೆಯಲ್ಲಿ ಬರೆದಳು. ಹರಪನಹಳ್ಳಿಯಲ್ಲಿ ಅವಳ ಚಿಗವ್ವ, ತಾಯಿಯ ತಂಗಿ ಅನ್ನದಾನಮ್ಮ, ಹಾಸಿಗೆ ಹಿಡಿದಿದ್ದಳು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಿತ್ತು; ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಹೇಳುವ ಹೊತ್ತಿಗೆ ಗರ್ಭಚೀಲದ ಬಾಯಿಯ ಕ್ಯಾನ್ಸರು ಮೈತುಂಬ ಹರಡಿತ್ತು. ಸೊಸೆಯರನ್ನು ಹೊರಗೆ ಕಳಿಸಿ ಒಂದು ದಿನ ಅವಳು ಗೀತಾಂಜಲಿಯ ಕೈ ಹಿಡಿದುಕೊಂಡಳು.

"ನಂಗ ಯಾರೂ ಹೇಳ್ಲಿಲ್ಲವ್ವ. ನೀ ಬರಿಯಾಕತ್ತೀಯಲ್ಲ, ಅದ್ರಾಗ ಬರಿ."

ಗೀತಾಂಜಲಿ ಬರೆದಳು. ಮುಟ್ಟು ನಿಂತ ಮೇಲೆ ರಕ್ತ ಒಂದು ಹನಿ ಕಂಡರೂ ಆಸ್ಪತ್ರೆಗೆ ಹೋಗಿ, ಎಲ್ಲ ಸಲ ಕ್ಯಾನ್ಸರೇ ಇರುವುದಿಲ್ಲ, ಇದ್ದರೂ ಬೇಗ ಹೋದರೆ ವಾಸಿಯಾಗುವುದುಂಟು ಎಂದು, ಚಿಗವ್ವನನ್ನೇ ಎದುರಿಗೆ ಕೂರಿಸಿಕೊಂಡು ಹೇಳುವಂತೆ ಬರೆದಳು. ಮೇ ತಿಂಗಳು ಮುಗಿಯುವ ಮೊದಲೇ ಚಿಗವ್ವ ತೀರಿಕೊಂಡಳು. ಅವಳ ಗಂಡ, ಮೆಕ್ಕೆಜೋಳದ ವ್ಯಾಪಾರಿ ಶಿವಯೋಗಪ್ಪ, ಬಂದವರಿಗೆಲ್ಲ ತನ್ನ ಹೆಂಡತಿಗೆ ಹಾರ್ಟ್ ನಿಂತಿತು ಎಂದ.

ಪುಸ್ತಕವನ್ನು ಅಚ್ಚು ಹಾಕಲು ಅದುವರೆಗೆ ಯಾರೂ ಒಪ್ಪಿರಲಿಲ್ಲ. ಹರಪನಹಳ್ಳಿಯ ಪ್ರೆಸ್ಸಿನ ಕೊಟ್ರಸ್ವಾಮಿಯಂತೂ, "ಹೆಣ್ಮಕ್ಳು ವಿಜ್ಞಾನ ಓದ್ತಾರೇನ್ರೀ ಟೀಚರ್? ರಂಗೋಲಿ ಪುಸ್ತಕ ಮಾಡ್ರಿ, ಸಂತ್ಯಾಗ ಹೋಗ್ತದ" ಎಂದು ಕಳಿಸಿದ್ದ. ಆದರೆ ಉಳ್ಳವರ ಮನೆಗಳಲ್ಲಿ ಒಂದು ರೂಢಿ ಇದೆ. ಸತ್ತವರ ಹೆಸರಿನಲ್ಲಿ ಶಿವಗಣಾರಾಧನೆಯ ಊಟ ಹಾಕುವ ದಿನ, ಅವರ ಫೋಟೊ ಇರುವ ಸಣ್ಣ ಪುಸ್ತಕವೊಂದನ್ನು ಅಚ್ಚು ಹಾಕಿಸಿ ಉಂಡವರ ಕೈಗೆ ಕೊಡುತ್ತಾರೆ. ಸಾಮಾನ್ಯವಾಗಿ ಅದು ವಚನಗಳದ್ದೋ ಭಜನೆಯ ಹಾಡುಗಳದ್ದೋ ಆಗಿರುತ್ತದೆ. ಈ ಸಲ ಕೊಟ್ರಸ್ವಾಮಿಯೇ ಶಿವಯೋಗಪ್ಪನ ಮುಂದೆ ಮಾತು ತೆಗೆದ: "ನಿಮ್ಮ ಮನ್ಯಾಗ ಟೀಚರ್ ಬರೆದದ್ದು ತಯಾರ್ ಐತಲ್ರೀ ಸಾವ್ಕಾರ್ರ. ಹೆಣ್ಮಕ್ಳ ಆರೋಗ್ಯದ್ದು. ಅಮ್ಮಾರ ಹೆಸರಿಗೆ ಛಲೋ ಇರ್ತದ."

ಶಿವಯೋಗಪ್ಪ ಒಪ್ಪಿದ. ಗೀತಾಂಜಲಿಗೆ ದುಃಖದ ನಡುವೆಯೂ ಒಳಗೊಳಗೇ ಹಿಗ್ಗಾಯಿತು. ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು. ಹಸ್ತಪ್ರತಿ ಮಠಕ್ಕೆ ಹೋಯಿತು. ಸ್ವಾಮಿಗಳು ಪೂರ್ತಿ ಓದಿ, 'ಹೆಣ್ಣುಮಕ್ಕಳು ತಿಳಿಯಬೇಕಾದದ್ದೆಲ್ಲ ಇದರಲ್ಲಿದೆ' ಎಂದು ಆಶೀರ್ವಚನ ಬರೆದುಕೊಟ್ಟರು.

ಅಚ್ಚಿಗೆ ಹೋಗುವ ಹಿಂದಿನ ದಿನ ಶಿವಯೋಗಪ್ಪ ಅವಳನ್ನು ಕರೆಸಿದ. ಕರಡು ಪ್ರತಿ ತೊಡೆಯ ಮೇಲಿತ್ತು. ಮಗಳು ಅರ್ಚನಾ ಬಾಗಿಲ ಬಳಿ ನಿಂತಿದ್ದಳು.

"ಕಡೀ ಅಧ್ಯಾಯ ತೆಗಿಯವ್ವ," ಎಂದ.

"ಯಾಕ ಚಿಗಪ್ಪ? ಅದ ಮುಖ್ಯ ಐತಿ."

"ಮ್ಯಾಲೆ ಆಕಿ ಫೋಟೊ, ಒಳಗ ಈ ಸುದ್ದಿ. ಓದ್ದಾರು ಕೂಡಿಸಿ ನೋಡಲ್ಲೇನು? ಅರ್ಚನಾನ್ನ ಹಗರಿಬೊಮ್ಮನಹಳ್ಳಿಗೆ ಕೊಡಾದು ಮಾತಾಗೇತಿ."

"ಅದು ತಾಯಿಂದ ಮಗಳಿಗೆ ಬರೋ ರೋಗ ಅಲ್ಲ ಚಿಗಪ್ಪ. ಅದನ್ನೂ ಬರ್ದೀನಿ, ನೋಡು."

"ನಿನಗ ಗೊತ್ತು, ನನಗ ಗೊತ್ತು. ಬೀಗ್ರಿಗೆ ನೀ ಪಾಠ ಹೇಳಾಕ ಹೊಕ್ಕೀಯೇನು?"

"ಸಾಯೋ ಮುಂಚೆ ಚಿಗವ್ವನೇ ಹೇಳ್ಯಾಳ, ಬರಿ ಅಂತ."

ಶಿವಯೋಗಪ್ಪ ಕರಡು ಪ್ರತಿ ಮುಚ್ಚಿದ. "ಆಕಿ ಹೋದ್ಲು. ಇಕಿ ಇನ್ನೂ ಬಾಳಬೇಕಲ್ಲವ್ವ. ಆಗಲ್ಲಂದ್ರ ಬಿಡು, ವಚನದ ಪುಸ್ತಕ ಹಾಕಿಸ್ತೀನಿ."

ಅರ್ಚನಾ ಬಾಗಿಲು ಬಿಟ್ಟು ಮುಂದೆ ಬಂದಳು. "ಅಕ್ಕಾ" ಎಂದು ಮಾತ್ರ ಅಂದಳು. ಆ ಒಂದು ಕರೆಯ ಮುಂದೆ ಗೀತಾಂಜಲಿಯ ವಾದ ನಿಲ್ಲಲಿಲ್ಲ. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಹೋಗಲಿ, ಮುಂದಿನ ಮುದ್ರಣಕ್ಕೆ ಸೇರಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕೊಟ್ರಸ್ವಾಮಿ ಅಧ್ಯಾಯ ಕಿತ್ತು, ಖಾಲಿಯಾದ ಪುಟಗಳಿಗೆ ಶಿವಯೋಗಪ್ಪನ ಮನೆತನದವರ ಫೋಟೊ ತುಂಬಿದ. ಸ್ವಾಮಿಗಳ ಆಶೀರ್ವಚನ ಇದ್ದಂತೆಯೇ ಅಚ್ಚಾಯಿತು. ಅದರ ಕಡೆ ಯಾರ ಗಮನವೂ ಹೋಗಲಿಲ್ಲ, ಗೀತಾಂಜಲಿಯದೂ ಹೋಗಲಿಲ್ಲ.

ಆರಾಧನೆಯ ದಿನ ಊಟ ಮಾಡಿ ಎದ್ದ ಹೆಂಗಸರೆಲ್ಲ ಎಲೆ ಅಡಿಕೆಯ ಜೊತೆ ಪುಸ್ತಕ ಪಡೆದರು. ಬಸ್ಸಿನಲ್ಲಿ ಇಬ್ಬರು ಅದನ್ನು ಬಿಡಿಸಿಕೊಂಡು ಓದುತ್ತಿದ್ದುದನ್ನು ಗೀತಾಂಜಲಿ ಕಣ್ಣಾರೆ ಕಂಡಳು. ಶಾಲೆ ತೆರೆದಾಗ ಉಳಿದ ಕಟ್ಟನ್ನು ಹಿರೇಹಡಗಲಿಗೆ ಒಯ್ದು, ಮೊದಲ ಪ್ರತಿಯನ್ನು ಮರುಳಸಿದ್ದಮ್ಮನಿಗೇ ಕೊಟ್ಟಳು.

"ನನ್ನ ಮಾತೂ ಅದಾವೇನ್ರೀ ಇದ್ರಾಗ?" ಎಂದು ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು.

ಮೆಕ್ಕೆಜೋಳದ ತೆನೆ ಮುರಿಯುವ ಕಾಲಕ್ಕೆ ಮರುಳಸಿದ್ದಮ್ಮ ಕೆಲಸಕ್ಕೆ ಬರುವುದು ನಿಂತಿತು. ಮನೆಗೆ ಹೋದರೆ ಅವಳು ಗೋಡೆಗೆ ಒರಗಿ ಕುಳಿತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಗೀತಾಂಜಲಿ ಏನೆಂದು ಕೇಳಿದ್ದಕ್ಕೆ ಭೂಮಿಕಾ ತಲೆ ತಗ್ಗಿಸಿದಳು.

"ಹೊರಗಾದಂಗ ಆಗಾಕತ್ತೇತ್ರೀ ಟೀಚರ್. ನಿಂತು ಏಸೋ ವರ್ಷ ಆಗಿತ್ತು."

"ಯಾವಾಗಿಂದ?"

"ಬಿತ್ತಿಗಿ ಹೊತ್ನಾಗಿಂದ."

"ಇಷ್ಟ್ ದಿನ ಆಸ್ಪತ್ರಿಗೆ ಯಾಕ ಹೋಗ್ಲಿಲ್ಲ?"

"ನಾ ಹೋಗಾಣು ಅಂದ್ನಿರಿ. ಅತ್ತಿ, ಮೊದ್ಲು ಟೀಚರ್ ಪುಸ್ತಕ ಓದು ಅಂದ್ರು. ಪೂರಾ ಓದಿದ್ನಿ. ಬಿಳಿ ಸೆರಗಿಂದು ಐತಿ, ಹೊಟ್ಟಿ ನೋವಿಂದು ಐತಿ, ಇದ್ರ ಸುದ್ದಿನ ಇಲ್ಲ. ಸ್ವಾಮಿಗಳು ಎಲ್ಲಾ ಐತಿ ಅಂತ ಬರ್ದಾರ. ಹಂಗಾರ ಇದು ರೋಗ ಅಲ್ಲ, ತಾನ ಹೊಕ್ಕತಿ ಅಂದ್ರು."

ಮರುಳಸಿದ್ದಮ್ಮ ಸೊಸೆಯನ್ನು ಗದರಿದಳು. "ಹೆದರಿಸಬ್ಯಾಡಲೇ ಅವ್ರನ್ನ. ರೋಗ ಆಗಿದ್ರ ಟೀಚರ್ ಬಿಡ್ತಿದ್ರೇನು? ಒಂದೊಂದು ಮಾತಿಗೂ ನನ್ನ ಕೇಳಿ ಬರ್ದಾರ."

ಗೀತಾಂಜಲಿ ಕೂಡಲೇ ಎದ್ದಳು. ಅವತ್ತೇ ಗಾಡಿ ಮಾಡಿಸಿ ಇಬ್ಬರನ್ನೂ ದಾವಣಗೆರೆಗೆ ಕರೆದುಕೊಂಡು ಹೋದಳು. ಪರೀಕ್ಷೆ ಮಾಡಿದ ಡಾಕ್ಟರು ಹೊರಗೆ ಬಂದು, "ಟೀಚರ್ ಅಂತೀರಿ, ನೀವಾದರೂ ಮೊದಲೇ ಕರ್ಕೊಂಡ್ ಬರಬಾರದಿತ್ತಾ?" ಎಂದರು. ರೋಗ ಗರ್ಭಚೀಲ ದಾಟಿ ಹೋಗಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಭೂಮಿಕಾ ಗೀತಾಂಜಲಿಯ ಪಕ್ಕ ಬಂದು ಕುಳಿತಳು. ಆಮೇಲೆ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು.

"ಟೀಚರ್, ಇದನ್ನ ಪುಸ್ತಕದಾಗ ಯಾಕ ಬರೀಲಿಲ್ರಿ?"

ಅರ್ಚನಾಳ ಮದುವೆಗೆ ಇನ್ನು ಕೆಲವೇ ದಿನ ಉಳಿದಿತ್ತು. ಗೀತಾಂಜಲಿ ಎದುರಿನ ಗೋಡೆ ನೋಡುತ್ತ, "ಇಂಗ್ಲಿಷಿನಾಗ ಇರ್ಲಿಲ್ಲವ್ವ. ಇದ್ದಷ್ಟು ಬರ್ದೆ" ಎಂದಳು.

"ಡಾಕ್ಟರಮ್ಮನೇ ಮರ್ತಾಳಲ್ರೀ ಹಂಗಾರ," ಎಂದು ಭೂಮಿಕಾ ನಿಟ್ಟುಸಿರು ಬಿಟ್ಟಳು.

ಆ ಮಾತನ್ನು ಗೀತಾಂಜಲಿ ತಿದ್ದಲಿಲ್ಲ. ಒಳಗಿನಿಂದ ನರ್ಸು ಕರೆದಾಗ ಮೊದಲು ಎದ್ದವಳು ಅವಳೇ.

ಸಂಕ್ರಾಂತಿ ಕಳೆದ ಮೇಲೆ ಮರುಳಸಿದ್ದಮ್ಮ ತೀರಿಕೊಂಡಳು. ಆ ಅಧ್ಯಾಯ ಇದ್ದಿದ್ದರೆ ಅವಳು ಬೇಗ ಆಸ್ಪತ್ರೆಗೆ ಹೋಗುತ್ತಿದ್ದಳೇ, ಹೋಗಿದ್ದರೆ ಉಳಿಯುತ್ತಿದ್ದಳೇ, ಗೊತ್ತಿಲ್ಲ. ಅವತ್ತಿನ ಉತ್ತರವನ್ನು ಭೂಮಿಕಾ ನಿಜವಾಗಿ ನಂಬಿದಳೋ, ನಂಬಿದಂತೆ ಮಾಡಿದಳೋ, ಅದೂ ಗೊತ್ತಿಲ್ಲ. ಆ ಪುಸ್ತಕ ಇನ್ನೂ ಯಾವ ಯಾವ ಊರಿನ ಯಾವ ಮನೆಗಳಲ್ಲಿದೆ, ಅದನ್ನು ಕೊನೆಯವರೆಗೆ ಓದಿ ಯಾರು ಸಮಾಧಾನ ಮಾಡಿಕೊಂಡು ಕುಳಿತಿದ್ದಾರೆ ಎಂಬುದು ಯಾರಿಗೂ ಗೊತ್ತಿಲ್ಲ.