ಬಾಯಿ ಬಿಡದವನ ಸಾಕ್ಷಿ

"ಬಾಯ್ ಬುಡ್ಲಾ ಬೋಳಿಮಗನೆ. ಸಾಯೇಬ್ರು ನೋಡ್ಬೇಕಂತೆ."

ಚಾವಡಿಯ ಜಗುಲಿಯ ಮೇಲಿಂದ ಈಶ್ವರಯ್ಯ ಹೇಳಿದ. ಕೆಳಗೆ ಬಿಸಿಲಲ್ಲಿ ನಿಂತಿದ್ದ ಲಕ್ಕಯ್ಯ ಬಾಯಿ ಬಿಟ್ಟ. ಬಿಟ್ಟದ್ದನ್ನು ಬಾಯಿ ಎನ್ನುವುದಕ್ಕಿಂತ ಬಿರುಕು ಎನ್ನಬಹುದು. ಕಿರುಬೆರಳು ಹೋದರೆ ಹೆಚ್ಚು.

"ಇನ್ನೂ ಅಗಲುಸ್ಲಾ. ಉಣ್ಣಾಕಾದ್ರೆ ಊರಗಲ ಬುಡ್ತೀಯ."

ಉಣ್ಣಲಿಕ್ಕೂ ಅಷ್ಟೇ ಬರುತ್ತಿತ್ತು. ಅವನು ಮುದ್ದೆ ಮುರಿದು ಬಾಯಿಗಿಟ್ಟು ಎಷ್ಟೋ ತಿಂಗಳಾಗಿತ್ತು. ಹೆಂಡತಿ ಬೆಟ್ಟಮ್ಮ ಅಂಬಲಿಯನ್ನು ನೀರಿನಷ್ಟು ತೆಳ್ಳಗೆ ಕಾಸಿ, ಗಂಡನ ತಲೆಯನ್ನು ಹಿಂದಕ್ಕೆ ಬಾಗಿಸಿ, ಕರುವಿಗೆ ಗೊಟ್ಟದಲ್ಲಿ ಮದ್ದು ಹುಯ್ಯುವಂತೆ ಹಲ್ಲಿನ ಸಂದಿಯಲ್ಲಿ ಹುಯ್ಯುತ್ತಿದ್ದಳು. ಅರ್ಧ ಒಳಗೆ, ಅರ್ಧ ಎದೆಯ ಮೇಲೆ.

ಅರಕಲಗೂಡಿನಿಂದ ಬಂದಿದ್ದ ಹೆಲ್ತ್ ಇನ್‌ಸ್ಪೆಕ್ಟ್ರು ಕುರ್ಚಿಯಿಂದೆದ್ದು ಇಳಿದು ಬಂದು ಕೈ ಚಾಚಿದರು. "ಮುಟ್ಟಿಸ್ಕೋಬೇಡಿ ಸಾ, ಕೇರಿಯವ್ನು" ಎಂದ ಈಶ್ವರಯ್ಯ. ಚಾಚಿದ ಕೈ ಹಿಂದಕ್ಕೆ ಹೋಗಿ ಜೇಬಿನ ಪೆನ್ನು ಹಿಡಿಯಿತು. ಪೆನ್ನಿನಿಂದಲೇ ತುಟಿ ಎತ್ತಿ ಇಣುಕಿದರು. ಒಳಗೆಲ್ಲ ಬೆಳ್ಳಗೆ, ಒಣಗಿದ ತೊಗಲಿನಂತೆ ಬಿಗಿದುಕೊಂಡಿತ್ತು. ಆಮೇಲೆ ಆ ಪೆನ್ನನ್ನು ಜೇಬಿಗಿಡಲೂ ಮನಸ್ಸಾಗದೆ, ಬಿಸಾಡಲೂ ಮನಸ್ಸಾಗದೆ, ಮೀಟಿಂಗು ಮುಗಿಯುವತನಕ ಎರಡೇ ಬೆರಳಲ್ಲಿ ದೂರ ಹಿಡಿದುಕೊಂಡಿದ್ದರು.

ಮೀಟಿಂಗು ಸೇರಿದ್ದು ಲಕ್ಕಯ್ಯನ ಬಾಯಿಗಾಗಿ ಅಲ್ಲ. ಊರಿನ ಅಂಗಡಿಯಲ್ಲಿ ಹೊಗೆಸೊಪ್ಪು, ಕಡ್ಡಿಪುಡಿ ಮಾರಬಹುದೋ ಕೂಡದೋ ಎಂದು ತೀರ್ಮಾನಿಸುವುದಕ್ಕೆ. ಈ ಸೊಪ್ಪಿಗೆ ಹೆಸರಿನಲ್ಲಷ್ಟೇ ಹೊಗೆ. ಅಗಿದವನ ಬಾಯಲ್ಲಿ ಹೊಗೆಯಿಲ್ಲ. ಕೇರಿಯವರು ಹೆಣ ಸುಡದೆ ಹೂಳುವುದರಿಂದ ಕೊನೆಗೂ ಹೊಗೆ ಕಾಣಿಸುವುದಿಲ್ಲ.

ಹೊಸ ಪಂಚಾಯ್ತಿಗೆ ಚೇರ್ಮನ್ನನಾಗಿದ್ದ ಈಶ್ವರಯ್ಯನಿಗೆ ಮಾಡಲೊಂದು ಒಳ್ಳೆಯ ಕೆಲಸ ಬೇಕಾಗಿತ್ತು. ಪಾಪಯ್ಯನ ಅಂಗಡಿಯ ಸೊಪ್ಪು ನಿಲ್ಲಬೇಕು ಎಂದ. ಆ ಸೊಪ್ಪಿನಿಂದ ಏನಾಗುತ್ತದೆ ಎಂದು ತೋರಿಸಲು ಲಕ್ಕಯ್ಯನ ಬಾಯಿ.

ಲಕ್ಕಯ್ಯ ಪಾಪಯ್ಯನ ಅಂಗಡಿಯಲ್ಲಿ ಒಂದು ಎಸಳನ್ನೂ ಕೊಂಡವನಲ್ಲ. ಹೊಳೆದಂಡೆಯ ಈಶ್ವರಯ್ಯನ ಹೊಲದಲ್ಲಿ ಬೆಳೆಯುವುದೇ ಹೊಗೆಸೊಪ್ಪು. ಒಳ್ಳೆಯ ಎಲೆ ಗಾಡಿ ಹತ್ತಿ ಹೋದಮೇಲೆ ಹರಿದ ಎಲೆ, ಕಡ್ಡಿ ಕಣದಲ್ಲಿ ಉಳಿಯುತ್ತಿದ್ದವು. ಮೊದಲು ಆಳುಗಳಿಗೆ ಮಧ್ಯಾಹ್ನ ಮುದ್ದೆ ಇತ್ತು, ಉಂಡಮೇಲೆ ಒಂದು ಚೂರು ಸೊಪ್ಪು. ಬರಬರುತ್ತ ಮುದ್ದೆ ಸಣ್ಣದಾಯಿತು, ಸೊಪ್ಪು ದೊಡ್ಡದಾಯಿತು. ಆಮೇಲೆ ಸೊಪ್ಪೊಂದೇ. ಅದನ್ನು ದವಡೆಯಲ್ಲಿಟ್ಟುಕೊಂಡರೆ ಹೊಟ್ಟೆ ಸಂಜೆಯವರೆಗೆ ತುಟಿಪಿಟಿಕ್ಕೆನ್ನುತ್ತಿರಲಿಲ್ಲ. ಮುದ್ದೆ ಇಕ್ಕುವ ಬೇರೆ ಹೊಲಕ್ಕೆ ಹೋಗಬೇಕೆಂದವರು ಪಾಪಯ್ಯನ ಅಂಗಡಿಯ ಕೆಳಗೆ ನಿಂತು, ಕಾಸಿಗೆ ಅವನು ಮೇಲಿಂದ ಹಾಕಿದ ಸೊಪ್ಪನ್ನು ಸೆರಗಿಗೋ ಟವಲಿಗೋ ಹಿಡಿದುಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಸಿಕ್ಕದಿದ್ದರೆ ಊರಿನ ಚಟವೆಲ್ಲ ಈಶ್ವರಯ್ಯನ ಕಣಕ್ಕೇ ನಡೆದು ಬರಬೇಕು.

ಬಾಯಿ ಬಿಗಿಯುವ ಮೊದಲು ಲಕ್ಕಯ್ಯ ಯಾರ ದನಿಯನ್ನಾದರೂ ತೆಗೆಯುತ್ತಿದ್ದ. ಶಾನುಭೋಗರ ಮೂಗು, ಕೊಣನೂರು ಸಂತೆಯ ಬಳೆಗಾರನ ಕೂಗು. ಅವನು ಹೆಚ್ಚು ಪಳಗಿದ್ದು ಈಶ್ವರಯ್ಯನ ದನಿಯಲ್ಲಿ. ಎರಡು ಸಲ ಕೆಮ್ಮಿ, ಪಂಚೆ ಎತ್ತಿ, "ಅದೇನಪ್ಪಾ ಅಂದ್ರೆ" ಎಂದು ಶುರುಮಾಡಿದರೆ ಈಶ್ವರಯ್ಯನ ನಾಯಿಯೇ ಬಾಲ ಆಡಿಸಿಕೊಂಡು ಬರುತ್ತಿತ್ತು. ಕೂಳಿಲ್ಲದ ರಾತ್ರಿಗಳಲ್ಲಿ ಕೇರಿ ಅದನ್ನು ಕೇಳಿ ನಕ್ಕು ಮಲಗುತ್ತಿತ್ತು.

ಈಗ ಅವನ ಮಾತು ಬೆಟ್ಟಮ್ಮನಿಗೊಬ್ಬಳಿಗೇ ತಿಳಿಯುವುದು. ಅದಕ್ಕೇ ಹಿಂದಿನ ದಿನ ಈಶ್ವರಯ್ಯ ಕೇರಿಯ ಬಾಗಿಲವರೆಗೂ ಬಂದು ಅವಳನ್ನು ಕರೆಸಿದ್ದ. ಗಂಡನ ಪರವಾಗಿ ನೀನೇ ಹೇಳು, ಅಂಗಡಿ ಸೊಪ್ಪಿನಿಂದ ಹೀಗಾಯಿತು ಅನ್ನು. ಹಾಗಂದರೆ ದಿನಾ ಮಧ್ಯಾಹ್ನ ಅವನಿಗೆ ಒಂದು ಚೆಂಬು ಗಂಜಿ ನಮ್ಮನೆಯಿಂದ. ಬೇರೆ ಏನಾದರೂ ಅಂದರೆ ಗುಡಿಸಲು ನಿಂತಿರುವ ಜಾಗ ಯಾರದು ಅಂತ ನಿನಗೆ ಗೊತ್ತು, ಎಂದಿದ್ದ. ಬೆಟ್ಟಮ್ಮ ರಾತ್ರಿಯೆಲ್ಲ ಗಂಜಿಯನ್ನೇ ನೆನೆದಿದ್ದಳು. ಗಂಡನ ಪಕ್ಕೆ ಮೂಳೆ ಕತ್ತಲಲ್ಲೂ ಕೈಗೆ ಸಿಗುತ್ತಿದ್ದವು.

ಇನ್‌ಸ್ಪೆಕ್ಟ್ರು ಗಂಟಲು ಸರಿಮಾಡಿಕೊಂಡು ಸರ್ಕಾರದ ಕನ್ನಡದಲ್ಲಿ ಕೇಳಿದರು.

"ನೋಡಪ್ಪಾ, ಸದರಿ ಪದಾರ್ಥವನ್ನು ನೀನು ಎಲ್ಲಿಂದ ಪಡೆಯುತ್ತಿದ್ದೆ?"

ಲಕ್ಕಯ್ಯ ನಾಲಿಗೆ ಆಡಿಸಿದ. ಪಕ್ಕದಲ್ಲಿ ನಿಂತಿದ್ದ ಬೆಟ್ಟಮ್ಮ ಕಿವಿ ಕೊಟ್ಟಳು. "ಅಂಗ್ಡೀದು ಅನ್ನಮ್ಮಿ. ಗಂಜೀನಾದ್ರೂ ಸಿಗ್ಲಿ" ಅನ್ನುತ್ತಿದ್ದ. ಆದರೆ 'ಅನ್ನು' ಎಂಬುದು ಆ ಬಿರುಕಿನಿಂದ ಹೊರಗೆ ಬರುವಾಗ 'ಅನ್ನ' ಆಗಿಬಿಟ್ಟಿತು.

"ಏನು, ಅನ್ನ ಕೇಳ್ತಿದಾನಾ?" ಎಂದರು ಇನ್‌ಸ್ಪೆಕ್ಟ್ರು.

ಜಗುಲಿಗೆ ಜಗುಲಿಯೇ ನಕ್ಕಿತು. ಈಶ್ವರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಲಕ್ಕಯ್ಯ ಬಿಟ್ಟ ಬಾಯನ್ನು ಮುಚ್ಚಿದ.

ಬೆಟ್ಟಮ್ಮ ಎರಡು ಸಲ ಕೆಮ್ಮಿದಳು. ಸೀರೆಯ ನೆರಿಗೆಯನ್ನು ಪಂಚೆಯಂತೆ ಎತ್ತಿ ಹಿಡಿದಳು. ಅವಳ ಗಂಟಲಿನಿಂದ ಗಂಡಸಿನ ದನಿ ಬಂತು.

"ಅದೇನಪ್ಪಾ ಅಂದ್ರೆ... ಮುದ್ದೆ ಯಾಕ್ರಲಾ ಸೂಳೆಮಕ್ಳಾ? ಮುದ್ದೆ ಇಕ್ಕುದ್ರೆ ನಿದ್ದೆ ಒಡೀತೀರಿ. ಸೊಪ್ಪು ಮಡಿಕ್ಕಳಿ, ಒಟ್ಟೆ ತೆಪ್ಪಗಿರ್ತದೆ."

ಜಗುಲಿಯ ಕೆಳಗೆ ಮಲಗಿದ್ದ ನಾಯಿ ತಲೆ ಎತ್ತಿತು. ಹಿಂದೆ ನಿಂತಿದ್ದ ಕೇರಿಯವರಲ್ಲಿ ಯಾರಿಗೋ ಕಿಸಕ್ಕೆಂದು ನಗು ಬಂದು, ಅಲ್ಲೇ ಸತ್ತಿತು.

"ಲೇ ಮುಂಡೆ" ಎಂದು ಈಶ್ವರಯ್ಯ ಎದ್ದ. ಅವನ ದನಿ ಅವಳು ತೆಗೆದದ್ದಕ್ಕಿಂತ ತೆಳ್ಳಗಿತ್ತು.

ಬೆಟ್ಟಮ್ಮ ನೆರಿಗೆ ಬಿಟ್ಟು ತನ್ನ ದನಿಗೆ ಬಂದಳು. "ನನ್ ಗಂಡ ಅಗ್ದಿದ್ದೆಲ್ಲ ಇವ್ರ ಒಲದ್ದೇಯ ಸಾ. ಊಟದ ಬದ್ಲು ಕೊಟ್ಟಿದ್ದು. ಮಾರ್ಬಾರ್ದು ಅಂತ ಬರೀತೀರಲ್ಲ, ಕೊಡ್ಬಾರ್ದು ಅಂತ್ಲೂ ಬರ್ಕಳಿ."

ಇನ್‌ಸ್ಪೆಕ್ಟ್ರು ಪೆನ್ನು ನೋಡಿದರು. ಈಶ್ವರಯ್ಯನ ಮುಖ ನೋಡಿದರು. ಅವರ ಮಧ್ಯಾಹ್ನದ ಊಟ ಈಶ್ವರಯ್ಯನ ಮನೆಯಲ್ಲೇ ಬೇಯುತ್ತಿತ್ತು.

"ಮಾರಾಟವಾದರೆ ತಡೀಬಹುದಮ್ಮ. ಸುಮ್ಮನೆ ಕೊಡೋದು ಅಂದ್ರೆ ದಾನ. ದಾನಕ್ಕೆ ಯಾರು ನಿಷೇಧ ಹಾಕ್ತಾರೆ?"

ದಾನ ಎಂದದ್ದೇ ಜಗುಲಿಯ ತಲೆಗಳೆಲ್ಲ ಆಡಿದವು. ಅದರ ದೀರ್ಘ ಕಿತ್ತರೆ ಉಳಿಯುವ ದನ, ಅದೂ ಸತ್ತಮೇಲೆ, ಕೇರಿಯ ಪಾಲಿಗೆ. ಅಂಗಡಿಯಲ್ಲಿ ಮಾರಕೂಡದೆಂದು ಠರಾವಾಯಿತು. ಪಾಪಯ್ಯ ಮಿಕ್ಕ ಸೊಪ್ಪನ್ನು ಆವತ್ತೇ ಮೂಟೆ ಕಟ್ಟಿ ಕೊಣನೂರಿಗೆ ಸಾಗಿಸಿದ. ಗುಡಿಸಲು ಬಿಡಬೇಕೆಂದು ಈಶ್ವರಯ್ಯ ಬೆಟ್ಟಮ್ಮನಿಗೆ ಸಂಜೆಯೇ ಹೇಳಿಕಳಿಸಿದ.

ಮಾರನೆಯ ದಿನ ಹೊಲದಲ್ಲಿ ಗಿಡದ ಕುಡಿ ಚಿವುಟುವ ಕೆಲಸ. ಹೋಗಲು ಬೇರೆ ಜಾಗವಿಲ್ಲದೆ ಬೆಟ್ಟಮ್ಮನೂ ಬಂದಿದ್ದಳು, ಲಕ್ಕಯ್ಯನನ್ನೂ ನಡೆಸಿಕೊಂಡು. ಬೆಳಗಿನಿಂದ ಯಾರ ದವಡೆಯಲ್ಲೂ ಏನೂ ಇರಲಿಲ್ಲ. ಮಧ್ಯಾಹ್ನಕ್ಕೆ ಈಶ್ವರಯ್ಯನ ಮೇಸ್ತ್ರಿ ಬಸವರಾಜು ಮೊರದ ತುಂಬ ಸೊಪ್ಪು ತಂದು ಬದುವಿನ ಮೇಲೆ ಸುರಿದು, "ತಕ್ಕಳ್ರಲಾ, ದಾನ" ಎಂದ.

ಬೆಟ್ಟಮ್ಮ ಗುಡ್ಡೆಯ ಮುಂದೆ ಹೋಗಿ ಕೂತಳು.

"ಮುದ್ದೆ ತತ್ತಾ ಓಗಣ್ಣ. ಅಲ್ಲೀಗಂಟ ನಾ ಏಳಾಕಿಲ್ಲ."

ಉಳಿದವರು ಅವಳ ಜೊತೆ ಸೇರಲಿಲ್ಲ, ಸೊಪ್ಪಿಗೆ ಕೈಯನ್ನೂ ಹಾಕಲಿಲ್ಲ. ನಿಂತಲ್ಲೇ ಕುಕ್ಕರಗಾಲಲ್ಲಿ ಕೂತರು. ಮಾರಮ್ಮ ಸೆರಗಿನ ತುದಿಯನ್ನು ಬಾಯಿಗಿಟ್ಟು ಅಗಿಯತೊಡಗಿದಳು. ಹುಲಿಯಪ್ಪ ಗರಿಕೆ ಕಿತ್ತು ಜಗಿದು ಉಗಿದ, ಮತ್ತೆ ಕಿತ್ತ. ಸೊಪ್ಪಿನ ಘಾಟು ಬಿಸಿಲಿಗೆ ಎದ್ದು ಎಲ್ಲರ ಬಾಯಲ್ಲೂ ನೀರು ಬಂತು. ನುಂಗಿದರು.

ಮೊದಲು ಮುಂದಕ್ಕೆ ಬಂದ ಕೈ ಲಕ್ಕಯ್ಯನದು.

ಬೆಟ್ಟಮ್ಮ ಅದನ್ನು ಹಿಡಿದೆಳೆದು ತನ್ನ ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೇ ಕೂತಳು.

ಬಸವರಾಜು ಹೊಂಗೆ ಮರದ ನೆರಳಿಗೆ ಹೋಗಿ ಟವಲು ಹಾಸಿಕೊಂಡ. ಕಾಯುವುದಕ್ಕೆ ಅವನಿಗೇನು, ಉಂಡು ಬಂದಿದ್ದ.