ಬೆಂಕಿ ಉಗುಳಿದ ಗೋಡಂಬಿ

ದೋಣಿಮಲೈ ಗಣಿ ಕ್ವಾರ್ಟರ್ಸ್‌ನ ನಮ್ಮ ಹಿತ್ತಿಲಿನ ಕೆಂಪು ಧೂಳಿನಲ್ಲಿ, ಕಾರವಾರದ ಬೀಜ ಬಿತ್ತಿ ಬೆಳೆಸಿದ ಗೋಡಂಬಿ ಮರ ಮೊದಲ ಸಲ ಹಣ್ಣು ಬಿಟ್ಟಿತು. ನನ್ನ ಗಂಡ ಸುಂಕಪ್ಪ ಶೇಂಗಾ ತಿಂದು ಬೆಳೆದವರು. ಹಣ್ಣಿನ ತುದಿಯ ಹಸಿ ಬೀಜವನ್ನೂ ಶೇಂಗಾದಂತೆಯೇ ಹಲ್ಲಿನಿಂದ ಒಡೆದರು. ಸಿಪ್ಪೆಯ ಎಣ್ಣೆ ತಾಗಿ ಮರುದಿನ ತುಟಿ ಊದಿ ಗುಳ್ಳೆ ಎದ್ದಿತು.

"ವಿಷದ ಮರ ಐತಿ ಇದು!" ಎಂದು ಕೊಡಲಿ ತಂದು ಬುಡಕ್ಕೆ ಒಂದೇಟು ಹಾಕಿಯೇಬಿಟ್ಟರು.

"ತಡೀರಿ! ತಪ್ಪು ಮರದ್ದಲ್ಲ, ನಿಮ್ಮ ಹಲ್ಲಿಂದು," ಎಂದು ಕೊಡಲಿ ಕಸಿದುಕೊಂಡೆ.

ಬೀಜ ಕೊಟ್ಟಿದ್ದ ಕಾರವಾರದವರಿಗೆ ಫೋನ್ ಮಾಡಿ, ಇದನ್ನು ತಿನ್ನುವುದು ಹೇಗೆಂದು ಕೇಳಿದೆ. ಅವರು ಹೇಳಿದಂತೆ ಬಯಲಿನಲ್ಲಿ ಒಲೆ ಹೂಡಿ, ಹೊಗೆ ಮುಖಕ್ಕೆ ಬಡಿಯದಂತೆ ಗಾಳಿಗೆ ಬೆನ್ನು ಕೊಟ್ಟು ನಿಂತು, ತೂತಿನ ಡಬ್ಬಿಯಲ್ಲಿ ಬೀಜ ಸುಟ್ಟೆ.

ಇದ್ದಕ್ಕಿದ್ದಂತೆ ಸಿಪ್ಪೆಯ ಎಣ್ಣೆ ಹೊತ್ತಿಕೊಂಡು ಒಂದೊಂದು ಬೀಜವೂ ಉಸ್ಸೆಂದು ಬೆಂಕಿ ಉಗುಳತೊಡಗಿತು. ಬೆರಳ ತುದಿಯಷ್ಟು ಬೀಜ, ಮೊಳದುದ್ದ ಉರಿ! ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದೆವು. ಆರಿದ ಮೇಲೆ ಬೂದಿಯಲ್ಲಿ ಹೊರಳಿಸಿ ಕಲ್ಲಿನಿಂದ ಒಡೆದೆ. ಆ ಇದ್ದಿಲಿನೊಳಗೆ ಹಾಲಿನಂಥ ತಿರುಳು ಮಲಗಿತ್ತು, ಉರಿಯ ಸುದ್ದಿಯೇ ಗೊತ್ತಿಲ್ಲದ ಹಾಗೆ.

ಮೊದಲು ನಾನು ತಿಂದೆ. ಆಮೇಲೆ ಅವರೂ ಒಂದನ್ನು ಅಗಿಯುತ್ತ, ಚಪ್ಪಲಿ ಬಿಟ್ಟು ಮರದ ಹತ್ತಿರ ಹೋದರು. ಕೊಡಲಿಯ ಗಾಯಕ್ಕೆ ಹಸಿಮಣ್ಣು ಮೆತ್ತುತ್ತ ಮೆಲ್ಲಗೆ ಕೇಳಿದರು:

"ಭಾಳ ನೋವಾತೇನವ್ವಾ?"