ಸ್ವೆಟರಿನೊಳಗಿನ ಟೆಫ್ಲಾನ್ ರಾಡು

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ದೊಡ್ಡ ಮನಸ್ಸಿನವಳು ಅನ್ನುವುದು ಬೇಡ.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಫ್ಯಾಕ್ಟರಿ. ರೇಡಾರಿಗೆ, ಮೊಬೈಲ್ ಟವರಿಗೆ ಬೇಕಾದ ಕನೆಕ್ಟರ್ ಮಾಡುತ್ತೇವೆ. ಹೆಬ್ಬೆರಳಿನ ಉಗುರಿನಷ್ಟು ಸಾಮಾನು, ಅದರ ಕೊಬ್ಬು ನೋಡಬೇಕು! ಮನೆಯ ಕರೆಂಟಾದರೆ ತಂತಿಗೆ ತಂತಿ ತಾಗಿದರೆ ಮುಗಿಯಿತು. ಈ ಸಿಗ್ನಲ್ಲು ಹಾಗಲ್ಲ, ಸೆಕೆಂಡಿಗೆ ಸಾವಿರ ಕೋಟಿ ಸಲ ನಡುಗುತ್ತಾ ಹೋಗುವಂಥದ್ದು. ದಾರಿಯಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಮುನಿಸಿಕೊಂಡು ಬಂದ ದಾರಿಗೆ ವಾಪಸ್. ನಡುವಿನ ಪಿನ್ನನ್ನು ಅಲುಗಾಡದಂತೆ ಹಿಡಿಯುವುದು ಒಂದು ಬಿಳಿ ಟೆಫ್ಲಾನ್ ಬಿಲ್ಲೆ. ನನ್ನ ಕೆಲಸ ಇಷ್ಟೇ: ಒಂದೊಂದು ಕನೆಕ್ಟರನ್ನೂ ಮೆಷಿನ್ನಿಗೆ ಸಿಕ್ಕಿಸಿ ಪರದೆಯ ಮೇಲಿನ ಗೆರೆ ನೋಡುವುದು, ಸಿಗ್ನಲ್ಲು ವಾಪಸಾಗಿ ಗೆರೆ ಎದ್ದರೆ ಬಿದಿರುಕಡ್ಡಿಯಿಂದ ಬಿಲ್ಲೆಯನ್ನು ಚೂರು ಒತ್ತಿ ಅದನ್ನು ಕೂರಿಸುವುದು. ಇಪ್ಪತ್ತಾರು ವರ್ಷ ಮಾಡಿದೆ. ಗೆರೆ ಕೂರಿಸುವುದಕ್ಕೆ ವರಲಕ್ಷ್ಮಮ್ಮನೇ ಬೇಕು ಅಂತ ಫ್ಯಾಕ್ಟರಿಯಲ್ಲಿ ಮಾತಿತ್ತು.

ನನ್ನ ಟೇಬಲ್ಲಿನ ಎದುರಿಗೇ ನಮ್ಮನೆಯವರ ಲೇತು. ಮಹದೇವ್ ಅಂತ ಅವರ ಹೆಸರು. ಬಿಲ್ಲೆ ಕತ್ತರಿಸುತ್ತಿದ್ದದ್ದು ಅವರು, ಕೂರಿಸುತ್ತಿದ್ದದ್ದು ನಾನು. ಮನೆಯಲ್ಲಿ ಮಾತಾಡಿದ್ದಕ್ಕಿಂತ ಆ ಎರಡು ಮಾರು ಜಾಗದಲ್ಲಿ ಕಣ್ಣಲ್ಲೇ ಜಗಳಾಡಿದ್ದು ಹೆಚ್ಚು. ಅವರು ಹೋಗಿ ನಾಲ್ಕು ವರ್ಷವಾಯಿತು. ಆಮೇಲೆ ಲೇತನ್ನು ಬೇರೆಯವನು ತಿರುಗಿಸುತ್ತಿದ್ದ. ಆದರೂ ನಾನು ತಲೆ ಎತ್ತಿದಾಗೆಲ್ಲ ಅಲ್ಲಿ ನಿಂತಿರುತ್ತಿದ್ದದ್ದು ಇವರೇ.

ಹೋದ ವರ್ಷ ನಿಖಿತಾ ಅಂತ ಡಿಸೈನ್ ಮಾಡುವ ಹುಡುಗಿ ಬಂದಳು, ಅತ್ತಿಗುಪ್ಪೆಯವಳು. ಬಂದ ದಿನವೇ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು, ಎಲ್ಲಿ ಒತ್ತುತ್ತೀರಿ, ಯಾಕೆ ಒತ್ತುತ್ತೀರಿ ಅಂತ ತಲೆ ತಿಂದಳು. ಎಲ್ಲಾ ಹೇಳಿಕೊಟ್ಟೆ. ಹೇಳಿಕೊಟ್ಟಿದ್ದನ್ನೇ ಇಟ್ಟುಕೊಂಡು ಅವಳು ಒತ್ತುವ ಅಗತ್ಯವೇ ಇಲ್ಲದ ಕನೆಕ್ಟರ್ ಬರೆದಳು. ಬಿಲ್ಲೆಗೊಂದು ಉಂಗುರದ ಬೀಗ, ಕಡ್ಡಿ ತೂರಿಸಲು ಸಂದೇ ಇಲ್ಲ.

ಓನರ್ ಬಸವಕಿರಣ್ ಸಾರ್ ಖುಷಿಯಾಗಿ ನನ್ನೆದುರೇ ಹೇಳಿದರು: "ಇದು ಪಾಸಾದ್ರೆ ಈ ಟೇಬಲ್ಲು, ಆ ಹಳೇ ಲೇತು ಎರಡೂ ತೆಗೆಸಿಬಿಡೋಣ. ವರಲಕ್ಷ್ಮಮ್ಮ, ನೀವು ಪ್ಯಾಕಿಂಗಲ್ಲಿ ಆರಾಮಾಗಿ ಕೂತ್ಕೊಳಿ."

ಆರಾಮಂತೆ! ಯಾರು ಕೇಳಿದ್ದರು ಇವರ ಆರಾಮನ್ನು?

ಆದರೆ ಡಿಸೆಂಬರಿನಲ್ಲಿ ಮಾಡಿ ನೋಡಿದಾಗ ಅದು ಪಾಸಾಗಲಿಲ್ಲ. ಕಂಪ್ಯೂಟರಿನಲ್ಲಿ ತೆಪ್ಪಗೆ ಮಲಗಿದ್ದ ಗೆರೆ ನಿಜವಾದ ಕನೆಕ್ಟರಿನಲ್ಲಿ ಗೂನು ಎಬ್ಬಿಸಿಕೊಂಡು ನಿಂತಿತು. ನಿಖಿತಾ ಅಳತೆ ತಿದ್ದಿದಳು, ಮತ್ತೆ ತಿದ್ದಿದಳು, ಗೂನು ಹೋಗಲಿಲ್ಲ. ಕಾರಣ ನನಗೆ ಮೊದಲ ದಿನವೇ ಗೊತ್ತಾಗಿತ್ತು.

ಟೆಫ್ಲಾನಿಗೆ ಚಳಿ ಆಗಿಬರುವುದಿಲ್ಲ. ಡಿಸೆಂಬರ್ ಬೆಳಗ್ಗೆ ಅದು ಕುಗ್ಗಿಕೊಂಡಿರುತ್ತದೆ. ಆಗ ಅಳತೆಗೆ ಸರಿಯಾಗಿ ಕತ್ತರಿಸಿದರೆ, ಬಿಸಿಲೇರಿದ ಮೇಲೆ ಉಬ್ಬಿ ಪಿನ್ನನ್ನು ತಳ್ಳುತ್ತದೆ. ಇದನ್ನು ಕಂಡುಕೊಂಡವರು ನಮ್ಮನೆಯವರು. ಚಳಿಗಾಲದಲ್ಲಿ ಸಂಜೆ ಬಿಲ್ಲೆ ಕತ್ತರಿಸುವ ಟೆಫ್ಲಾನ್ ರಾಡನ್ನು ಮನೆಗೆ ತಂದು, ಬೆಳಗ್ಗೆ ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಲಗ್ಗೆರೆಯಿಂದ ಟಿವಿಎಸ್ ಓಡಿಸುತ್ತಿದ್ದರು. ಹಿಂದೆ ಕೂತ ನಾನು ಅವರನ್ನು ಬಳಸಿ ಹಿಡಿದರೆ ಕೈಗೆ ರಾಡು ಸಿಗುತ್ತಿತ್ತು. "ನಿನ್ನ ಗೆರೆ ಬೇಗ ಕೂರ್ಲಿ ಅಂತ ಕಣೇ. ಯಾರಿಗೂ ಹೇಳ್ಬೇಡ, ನಗ್ತಾರೆ" ಅನ್ನುತ್ತಿದ್ದರು. ಅವರು ಹೋದ ಮೇಲೆ ರಾಡನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟು ಬೆಚ್ಚಗೆ ಮಾಡಿ ಲೇತಿಗೆ ಕೊಡುತ್ತಿದ್ದದ್ದು ನಾನು. ಆಂಟಿಗೆ ಏನೋ ಹರಕೆ ಇರಬೇಕು ಅಂತ ಆ ಲೇತಿನವನು ಸುಮ್ಮನಿದ್ದ. ಹೊಸ ಡಿಸೈನಿನ ಬಿಲ್ಲೆಯನ್ನು ಮಾತ್ರ ಹೊಸ ಮೆಷಿನ್ನು ಕತ್ತರಿಸುತ್ತಿತ್ತು, ಬೆಳಗ್ಗೆ ಏಳಕ್ಕೇ, ಸ್ಟೋರಿನಿಂದ ಬಂದ ತಣ್ಣನೆಯ ರಾಡಿನಿಂದ.

ಹೇಳಿದರೆ ಟೇಬಲ್ ಹೋಗುತ್ತದೆ, ಲೇತು ಹೋಗುತ್ತದೆ. ಹೇಳದಿದ್ದರೆ ಹುಡುಗಿ ಹೋಗುತ್ತಾಳೆ. ಹೋಗಲಿ ಬಿಡು, ಅವಳಿಗೆ ಇನ್ನೊಂದು ಕೆಲಸ ಸಿಗುತ್ತದೆ, ನನಗೆ ಇನ್ನೊಬ್ಬ ಮಹದೇವ್ ಸಿಗುತ್ತಾರಾ? ಹೀಗೇ ಅಂದುಕೊಂಡೆ ನಾನು, ಹನ್ನೊಂದು ದಿನ.

ಹನ್ನೆರಡನೇ ದಿನ ಊಟದ ಹೊತ್ತಿಗೆ ನಿಖಿತಾ ಬಂದು ಪಕ್ಕದಲ್ಲಿ ಕೂತಳು. ಅತ್ತು ಕಣ್ಣು ಕೆಂಪಾಗಿತ್ತು. ಅಂಗೈಯಲ್ಲಿ ಬಿಚ್ಚಿದ ಹಳೆಯ ಕನೆಕ್ಟರ್ ಇತ್ತು.

"ಆಂಟಿ, ಇದು ಐದು ವರ್ಷದ ಹಿಂದಿನ್ದು. ಆ ತಿಂಗಳ ಪೀಸ್ ಎಷ್ಟು ಸಿಕ್ತೋ ಅಷ್ಟೂ ಅಳೆದೆ, ಒಂದೂ ಹೆಚ್ಚುಕಮ್ಮಿ ಇಲ್ಲ. ಅಷ್ಟು ಹಳೇ ಲೇತಲ್ಲಿ! ನಂಗಂತೂ ಈ ಕೆಲಸ ಬರಲ್ಲ, ಬಿಟ್ಬಿಡ್ತೀನಿ. ಹೋಗೋಕ್ ಮುಂಚೆ ಇಷ್ಟು ಹೇಳಿ, ಈ ಬಿಲ್ಲೆ ಕತ್ತರಿಸಿದ್ದು ಯಾರು?"

ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ ಇದನ್ನು.

"ನಮ್ಮನೆಯವ್ರು" ಅಂದೆ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಹಾಳು ಬಾಯಿ, ಗಂಡನನ್ನು ಹೊಗಳಲು ತೆರೆದದ್ದು ಮುಚ್ಚಲಿಲ್ಲ. ಟಿವಿಎಸ್ಸು, ಸ್ವೆಟರು, ಚಳಿ, ಎಲ್ಲಾ ಹೇಳಿಬಿಟ್ಟೆ. ಹುಡುಗಿ ನಗಲಿಲ್ಲ.

"ನಿಮ್ಗೆ ಮೊದಲೇ ಗೊತ್ತಿತ್ತಾ ಆಂಟಿ?"

"ಗೊತ್ತಿತ್ತು ಕಣೇ. ಬೈಯೋದಿದ್ರೆ ಬೈದ್ಬಿಡು."

ಅವಳು ಎದುರಿನ ಲೇತನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮೆತ್ತಗೆ, "ಡಿಸೈನೇ ಸರಿ ಇಲ್ಲ ಅಂತ ಬರೆದುಬಿಡ್ಲಾ?" ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. "ಅವ್ರು ಅಷ್ಟು ವರ್ಷ ಹೊಟ್ಟೆಗಿಟ್ಕೊಂಡಿದ್ದನ್ನ ಸುಳ್ಳು ಮಾಡ್ತೀಯೇನೇ? ಏಳು, ರಾಡ್ ತಗೊಂಡ್ ಬಾ!"

ಮಾರನೇ ಬೆಳಗ್ಗೆ ರಾಡನ್ನು ನಾನೇ ಮಡಿಲಲ್ಲಿಟ್ಟುಕೊಂಡು ಬೆಚ್ಚಗೆ ಮಾಡಿಕೊಟ್ಟೆ. ಮಧ್ಯಾಹ್ನ ಹತ್ತು ಕನೆಕ್ಟರ್ ಸಿಕ್ಕಿಸಿದರು, ಹತ್ತರಲ್ಲೂ ಗೆರೆ ಮಲಗಿತು. ಯಾರೂ ಒತ್ತಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಥೂ, ತಟ್ಟದೆ ಏನು ಮಾಡಲಿ?

ಸೋಮವಾರ ಲೇತಿಗೆ ಚೈನು ಬಿಗಿದು ಗುಜರಿ ಟೆಂಪೋಗೆ ಎಳೆದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವರು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಸಂಜೆ ನಿಖಿತಾ ಪ್ಯಾಕಿಂಗಿಗೆ ಬಂದು ಹೊಸ ಡ್ರಾಯಿಂಗ್ ತೋರಿಸಿದಳು. ಎಲ್ಲಾ ಇಂಗ್ಲಿಷು. "ಅವ್ರದು ಎಲ್ಲಿದೆ?" ಅಂದೆ. ಮೂಲೆಯ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಕತ್ತರಿಸೋ ಮುಂಚೆ ರಾಡನ್ನ ಎರಡು ಗಂಟೆ ಮೂವತ್ತು ಡಿಗ್ರೀಲಿ ಇಡಬೇಕು, ಅಂತ."

"ಹೆಸರು?"

"ಡ್ರಾಯಿಂಗಲ್ಲಿ ಹೆಸರು ಹಾಕಕ್ಕೆ ಬಿಡಲ್ಲ ಆಂಟಿ. ತುಂಬಾ ಕೇಳ್ದೆ."

ಅವಳು ಹೋದ ಮೇಲೆ ನನ್ನ ಟೇಬಲ್ ಇದ್ದ ಜಾಗಕ್ಕೆ ಹೋದೆ. ರಾಡು ಬೆಚ್ಚಗಿಡಲು ಅಲ್ಲೊಂದು ಕರೆಂಟಿನ ಪೆಟ್ಟಿಗೆ ತಂದಿಟ್ಟಿದ್ದರು. ಸುತ್ತ ಯಾರೂ ಇರಲಿಲ್ಲ. ಬಾಗಿಲು ತೆರೆದು ಒಳಗೆ ಕೈ ತೂರಿಸಿ ರಾಡನ್ನು ಹಿಡಿದುಕೊಂಡೆ. ಬೆಚ್ಚಗಿತ್ತು. ಅವರಷ್ಟು ಬೆಚ್ಚಗಿರಲಿಲ್ಲ.